ಏಳನೇ ಕಂಬದ ಮೊಳೆ

ಟೋವಾ ಪಾಯೋ, ಸಿಂಗಪುರ
9 ಜೂನ್ 2014

ಕೌಸಲ್ಯಾ,

ನಿನ್ನ ಮಗ ಪ್ರತಾಪ ನಿನ್ನೆ ಊಟಕ್ಕೆ ಬಂದಿದ್ದ. ಮೊದಲು ಅದನ್ನೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನು ಓದುವುದೇ ಇಲ್ಲ. ತೆಳ್ಳಗಾಗಿಲ್ಲ. ಹುರುಳಿಕಾಳಿನ ಬಸ್ಸಾರು ಮಾಡಿದ್ದೆ, ಮುದ್ದೆ ಎರಡು ಉಂಡ. ಸೆಂಗ್‌ಕಾಂಗ್‌ನಲ್ಲಿ ಇನ್ನಿಬ್ಬರು ಹುಡುಗರ ಜೊತೆ ಮನೆ ಹಿಡಿದಿದ್ದಾನೆ. ಮೂವರಿಗೂ ಅನ್ನ ಇಡುವುದು ಬಿಟ್ಟರೆ ಬೇರೇನೂ ಬರುವುದಿಲ್ಲವಂತೆ. ಪ್ರತಿ ಭಾನುವಾರ ಇಲ್ಲಿಗೇ ಬಾ ಎಂದಿದ್ದೇನೆ.

ನಿನ್ನ ಕಿವಿ ಮೊದಲಿನಂತಿದ್ದರೆ ಇದನ್ನೆಲ್ಲ ಫೋನಿನಲ್ಲೇ ಹೇಳುತ್ತಿದ್ದೆ. ಆದರೆ ನಾನು ಕೂಗುವುದು, ನೀನು ‘ಆಂ?’ ಅನ್ನುವುದು, ಒಳಗಿನಿಂದ ನಮ್ಮವರು ನಗುವುದು, ಅದು ಬೇಡ. ಕಾಗದವೇ ವಾಸಿ. ಊರಿನ ಶಾಲೆಯಲ್ಲಿ ಮೇಷ್ಟರು ನಮ್ಮಿಬ್ಬರ ಕಿವಿ ಹಿಂಡಿ ಕಾಪಿ ಬರೆಸಿದ್ದು ಈಗ ಕೆಲಸಕ್ಕೆ ಬಂತು.

ಅವನ ಕೆಲಸ ಏನು ಅಂತ ಕೇಳಿದ್ದೆಯಲ್ಲ. ನನಗೆ ತಿಳಿದಷ್ಟು ಬರೆಯುತ್ತೇನೆ. ಇಲ್ಲಿ ಪೇಟೆಯಲ್ಲಿ ಹದಿನಾಲ್ಕು ಮಹಡಿಯ ಹಳೇ ಕಟ್ಟಡ ಒಂದಿದೆ. ಈಗಿನವುಗಳ ಪಕ್ಕ ಅದು ಕುಳ್ಳ, ಆದರೆ ಕಟ್ಟಿದ ಕಾಲದಲ್ಲಿ ಜನ ಕತ್ತು ನೋಯುವಷ್ಟು ತಲೆಯೆತ್ತಿ ನೋಡುತ್ತಿದ್ದರಂತೆ. ಅದರ ಪಕ್ಕದಲ್ಲೇ ನೆಲದೊಳಗೆ ಎಂಆರ್‌ಟಿ ರೈಲಿಗೆ ಸುರಂಗ ತೋಡುತ್ತಿದ್ದಾರೆ. ತೋಡುವಾಗ ಕಟ್ಟಡ ಕುಸಿಯುತ್ತದೋ ಇಲ್ಲವೋ ಎಂದು ನೋಡುತ್ತಾ ಇರುವುದೇ ಇವನ ಕೆಲಸ. ‘ಹಾಗಾದ್ರೆ ಕಾವಲುಗಾರ ಅನ್ನು’ ಎಂದೆ. ‘ಹೂಂ ಆಂಟಿ, ಡಿಗ್ರಿ ಇರೋ ವಾಚ್‌ಮನ್’ ಎಂದು ನಕ್ಕ.

ಆ ಕಟ್ಟಡ ನನಗೂ ಗೊತ್ತು. ಅದರ ನೆಲಮಹಡಿಯ ಹಾಲ್‌ನಲ್ಲೇ ನಮ್ಮ ಕನ್ನಡದ ಹೆಂಗಸರ ಶುಕ್ರವಾರದ ಭಜನೆ. ‘ಅಷ್ಟು ಭಾರಕ್ಕೆ ಕೆಳಗೆ ಬಂಡೆ ಇದೆಯೇನಪ್ಪ?’ ಅಂತ ಕೇಳಿದೆ.

‘ಎಲ್ಲಿ ಬಂಡೆ ಆಂಟಿ. ಸಮುದ್ರದ ಜೇಡಿ. ಹಿಸುಕಿದ್ರೆ ಟೂತ್‌ಪೇಸ್ಟ್ ಥರ ಬರುತ್ತೆ.’

ಮತ್ತೆ ಹೇಗೆ ನಿಂತಿದೆ ಅಂದರೆ, ತಟ್ಟೆಯಲ್ಲಿದ್ದ ಮುದ್ದೆಗೆ ಚಮಚವನ್ನು ನೆಟ್ಟಗೆ ಊರಿದ. ಇಳಿಯಿತು. ಅದನ್ನೇ ಅಡ್ಡ ಮಲಗಿಸಿ ಮೇಲೆ ನೀರಿನ ಲೋಟ ಇಟ್ಟ. ನಿಂತಿತು. ‘ಇಷ್ಟೇ. ಬಿಲ್ಡಿಂಗ್ ಅಗಲಕ್ಕೂ ಒಂದೇ ಕಾಂಕ್ರೀಟ್ ಹಲಗೆ. ರಾಫ್ಟ್ ಅಂತೀವಿ, ತೆಪ್ಪ. ಎಲ್ಲಾ ಕಂಬಾನೂ ಅದೇ ತೆಪ್ಪದ ಮೇಲೆ ಕೂತಿರುತ್ತೆ.’ ತೆಪ್ಪದ ಅಡಿಯಲ್ಲಿ ಉಪ್ಪುನೀರಿನ ಕಾಡುಮರದ ಗೂಟಗಳನ್ನು ಒತ್ತೊತ್ತಾಗಿ ಬಡಿದಿದ್ದಾರಂತೆ. ಇಲ್ಲಿನವರು ಅದನ್ನು ಬಕಾವ್ ಅನ್ನುತ್ತಾರೆ. ನೀರಿನೊಳಗೆ ಇರುವ ತನಕ ಆ ಮರ ಕೊಳೆಯುವುದಿಲ್ಲ. ಸುರಂಗ ತೋಡಿ ನೀರು ಇಳಿದು ಗಾಳಿ ತಾಗಿದರೆ ಕೆಟ್ಟಿತು.

ಇಷ್ಟೆಲ್ಲ ಮಾಡಿದವರು ಗುದ್ದಲಿ ಪೂಜೆ ಮಾಡಿದ್ದರಾ ಎಂದು ಕೇಳಿದೆ. ಅವನಿಗೆ ಗೊತ್ತಿಲ್ಲ. ಓದಿದವರಿಗೆ ಮುಖ್ಯವಾದದ್ದೇ ಗೊತ್ತಿರುವುದಿಲ್ಲ ನೋಡು.

ನಮ್ಮ ಮಗಳು ವರ್ಷಾ ಕೆಲಸಕ್ಕೆ ಸೇರಿದ್ದಾಳೆ. ನಮ್ಮವರು ಉಬಿ ಬಡಾವಣೆಯ ಅದೇ ಪ್ರೆಸ್ಸಿನಲ್ಲಿ. ಎಲ್ಲ ನಮ್ಮೂರ ದೇವಿ ಕೆಂಪಮ್ಮನ ದಯೆ.

ನಿನ್ನ
ಸರೋಜಾ


ಮೈಸೂರು
21 ಜೂನ್ 2014

ಸರೋಜಾ,

ನಿನ್ನ ಕಾಗದವನ್ನು ನಮ್ಮ ಮನೆಯವರು ಎರಡು ಸಲ ಓದಿದರು. ಮುದ್ದೆಗೆ ಚಮಚ ಊರಿದ್ದನ್ನು ಓದಿ, ‘ಅನ್ನದ ಜೊತೆ ಆಟ ಆಡೋ ಬುದ್ಧಿ ಇನ್ನೂ ಹೋಗಿಲ್ಲ’ ಅಂದರು. ಆದರೆ ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು, ನನಗೆ ವಾಪಸ್ ಕೊಟ್ಟಿದ್ದು ಸಂಜೆ.

ನೀನು ಬರೆದದ್ದು ಓದಿ ನನಗೆ ಹೆದರಿಕೆಯೇ ಆಯಿತು. ಜೇಡಿಮಣ್ಣಿನ ಮೇಲೆ ಹದಿನಾಲ್ಕು ಮಹಡಿ. ಪಕ್ಕದಲ್ಲಿ ಸುರಂಗ. ಅದು ಬಿದ್ದರೆ ಯಾರನ್ನು ಹಿಡಿಯುತ್ತಾರೆ ಹೇಳು, ನೋಡುತ್ತಾ ಕೂತವನನ್ನೇ. ಅವನು ಎಂಟನೇ ಕ್ಲಾಸಿನಲ್ಲಿ ಗಣಪತಿ ಪೆಂಡಾಲಿಗೆ ಕಾವಲಿದ್ದು ನಿದ್ದೆ ಹೋದವನು.

ನನ್ನದೊಂದು ಕೋರಿಕೆ. ಆಷಾಢ ಬರುತ್ತಿದೆ. ನಾನು ಶುಕ್ರವಾರ ಬೆಟ್ಟ ಹತ್ತಿ ಚಾಮುಂಡಿಗೆ ಕೈಮುಗಿಯುತ್ತೇನೆ. ನೀನು ಅಲ್ಲಿ, ಆ ಕಟ್ಟಡದಲ್ಲೇ, ಪ್ರತಾಪನ ಹೆಸರು ಹೇಳಿ ಶುಕ್ರವಾರಕ್ಕೊಂದು ಕಾಯಿ ಒಡಿ. ಗುದ್ದಲಿ ಪೂಜೆ ಆಗಿದೆಯೋ ಗೊತ್ತಿಲ್ಲ ಎಂದೆಯಲ್ಲ, ಆಗದಿದ್ದರೆ ಈಗ ಆಗಲಿ. ನಿನ್ನ ಕೈಯ ಕಾಯಿ ಹೇಗೆ ಒಡೆಯುತ್ತದೆ ಅಂತ ನನಗೆ ಗೊತ್ತಿಲ್ಲವೇ. ನಮ್ಮ ತಿಪಟೂರು ಕಡೆಯವಳು, ಒಂದೇ ಪೆಟ್ಟಿಗೆ ಎರಡು ಹೋಳು.

ಅವನಿಗೆ ಹೇಳಬೇಡ, ನಗುತ್ತಾನೆ.

ಕೌಸಲ್ಯಾ


ಟೋವಾ ಪಾಯೋ
14 ಜುಲೈ 2014

ಕೌಸಲ್ಯಾ,

ನೀನು ಹೇಳಿದ್ದು ನಡೆಯುತ್ತಿದೆ. ಮೊದಲ ಶುಕ್ರವಾರವೇ ಒಂದು ಎಡವಟ್ಟು ಆಯಿತು. ಹಾಲ್‌ನ ನೆಲಕ್ಕೆ ಕಾಯಿ ಕುಟ್ಟಿದೆ, ಟೈಲ್ಸ್ ಬಿರುಕು ಬಿಟ್ಟಿತು. ಅಲ್ಲಿ ಬೀಗದ ಕೈ ಇಟ್ಟುಕೊಳ್ಳುವ ಲಿಮ್ ಅಂಕಲ್ ಅಂತ ಒಬ್ಬ ಮುದುಕ ಇದ್ದಾನೆ, ಅವನು ಓಡಿ ಬಂದು ‘ನೋ ಫ್ಲೋರ್, ಆಂಟಿ, ನೋ ಫ್ಲೋರ್’ ಎಂದು ಕೈ ಆಡಿಸಿದ. ಹೊರಗೆ ಫುಟ್‌ಪಾತಿನಲ್ಲಿ ಒಡೆಯಲು ನನಗೆ ಮನಸ್ಸಿಲ್ಲ, ಜನ ತುಳಿಯುವ ಜಾಗ.

ಆಗ ದೇವಿಯೇ ತೋರಿಸಿದಂತೆ ಒಂದು ಜಾಗ ಕಂಡಿತು. ನಾವು ದೀಪ ಹಚ್ಚುವ ಮೂಲೆಯಲ್ಲಿ ದಪ್ಪ ಕಂಬ ಇದೆ. ಪ್ರತಾಪನ ಕಡೆಯವರು ಅದರ ಮೇಲೆ ಬಿಳೀ ಬಣ್ಣದಲ್ಲಿ 7 ಎಂದು ಬರೆದು, ಬುಡದ ಹತ್ತಿರ ಉಕ್ಕಿನ ಮೊಳೆಯೊಂದನ್ನು ಹುಗಿದಿದ್ದಾರೆ. ಹೆಬ್ಬೆರಳಿನ ಗಾತ್ರ, ತಲೆ ಗುಂಡಗೆ, ಹೊರಗೆ ಚಾಚಿಕೊಂಡಿದೆ. ಅದರ ಮೇಲೆ ಅಳತೆಕೋಲು ನಿಲ್ಲಿಸಿ ಕಂಬ ಇಳಿದಿದೆಯೋ ಎಂದು ನೋಡುತ್ತಾರಂತೆ. ‘ಕಂಬದ ನಾಡಿ ಆಂಟಿ ಅದು’ ಎಂದು ಪ್ರತಾಪನೇ ಹೇಳಿದ್ದ. ನಾಡಿ ಅಂದಮೇಲೆ ಜೀವ ಇರುವ ಜಾಗ. ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಅದರ ಮೇಲೆಯೇ ಕಾಯಿ ಒಡೆದೆ. ಒಂದೇ ಪೆಟ್ಟು. ನೀರು ಕಂಬದ ಬುಡಕ್ಕೆ ಹರಿಯಿತು. ಮೈ ಜುಮ್ಮೆಂದಿತು ಕೌಸಲ್ಯಾ.

ಮಾರನೆಯ ವಾರ ಪ್ರತಾಪ ನೋಡಲು ಬಂದವನು ಕುಂಕುಮವನ್ನು ಕರ್ಚೀಫಿನಲ್ಲಿ ಒರೆಸಿ, ‘ಆಂಟಿ, ಇದಕ್ಕೆಲ್ಲಾ ಹಚ್ಬೇಡಿ ಪ್ಲೀಸ್’ ಅಂದ. ಆಫೀಸಿನವರ ಮುಂದೆ ಹುಡುಗನಿಗೆ ನಾಚಿಕೆ. ಈಗ ಕಾಯಿ ಒಡೆದ ಮೇಲೆ ನಾನೇ ಎಲ್ಲವನ್ನೂ ಒರೆಸಿ ಬರುತ್ತೇನೆ. ದೇವರಿಗೆ ಕಂಡರೆ ಸಾಕು.

ಮೊನ್ನೆ ಊಟಕ್ಕೆ ಬಂದಾಗ ಶಿಕಾಗೋ ಎಂಬ ಊರಿನ ಕಥೆ ಹೇಳಿದ. ನೂರು ವರ್ಷಕ್ಕೂ ಹಿಂದೆ ಮೊದಮೊದಲು ಎತ್ತರದ ಕಟ್ಟಡ ಕಟ್ಟಿದವರು ಅವರಂತೆ. ಅಲ್ಲಿಯೂ ಕೆಳಗೆ ಜೇಡಿಯೇ. ಒಂದೊಂದು ಕಂಬದ ಅಡಿಗೂ ರೈಲು ಕಂಬಿಗಳನ್ನು ಉದ್ದಕ್ಕೊಂದು ವರಸೆ ಅಡ್ಡಕ್ಕೊಂದು ವರಸೆ ಜೋಡಿಸಿ, ಕಾಂಕ್ರೀಟು ಸುರಿದು, ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿ ಪೀಠ ಮಾಡಿದರಂತೆ. ಅಷ್ಟಾದರೂ ಇಳಿಯುತ್ತದೆ ಅಂತ ಗೊತ್ತಿದ್ದು, ಇಳಿಯುವಷ್ಟನ್ನು ಲೆಕ್ಕ ಹಾಕಿ ಮೊದಲೇ ಎತ್ತರ ಬಿಟ್ಟು ಕಟ್ಟುತ್ತಿದ್ದರು. ನೀನು ಹೊಲಿಯುವವಳು, ನಿನಗೆ ತಿಳಿಯುತ್ತದೆ. ಬೆಳೆಯುವ ಹುಡುಗಿಗೆ ಲಂಗದ ಅಂಚು ಮಡಿಸಿ ಹೊಲಿದ ಹಾಗೆ. ಅದೂ ಸಾಲದಾದಾಗ ಬಾವಿ ತೋಡಿದಂತೆ ಆಳುಗಳೇ ಕೆಳಗಿಳಿದು, ಗಟ್ಟಿ ನೆಲ ಸಿಗುವ ತನಕ ಕೈಯಲ್ಲಿ ತೋಡಿ, ಆ ಗುಂಡಿಗೆ ಕಾಂಕ್ರೀಟು ತುಂಬಿದರಂತೆ. ಹೇಳುವಾಗ ಅವನ ಮುಖ ನೋಡಬೇಕಿತ್ತು ನೀನು. ಅಜ್ಜಂದಿರ ಸಾಹಸ ಹೇಳುವವನ ಹಾಗೆ.

ಆದರೆ ಕೊನೆಗೆ ಇನ್ನೊಂದು ಮಾತು ಹೇಳಿದ. ಏಳನೇ ಕಂಬದ ಅಳತೆ ಒಂದು ಅಕ್ಕಿಕಾಳಿನಷ್ಟು ಇಳಿದಂತೆ ಕಾಣುತ್ತಿದೆಯಂತೆ. ‘ಏನೂ ಆಗಲ್ಲ ಆಂಟಿ, ನೋಡ್ತಾ ಇದೀವಿ’ ಅಂದ. ನೀನು ಹೆದರಬೇಡ. ಕಾಯಿ ನಿಲ್ಲಿಸುವುದಿಲ್ಲ.

ನಿನ್ನ
ಸರೋಜಾ


ಮೈಸೂರು
26 ಜುಲೈ 2014

ಸರೋಜಾ,

ಹೆದರಬೇಡ ಎಂದು ಬರೆದರೆ ಹೆದರದೆ ಇರಲಾಗುತ್ತದೆಯೇ? ಅಕ್ಕಿಕಾಳಿನಷ್ಟು ಇಳಿದದ್ದು ನಾಳೆ ಹಲಸಿನ ಬೀಜದಷ್ಟು ಇಳಿಯುವುದಿಲ್ಲವೇ?

ಒಂದು ಕಾಯಿ ಸಾಲದು. ಎರಡು ಒಡಿ. ಅದೇ ಕಂಬಕ್ಕೆ, ಅದೇ ಮೊಳೆಯ ಮೇಲೆ. ನೀನು ಹೇಳಿದ್ದೇ ಸರಿ, ನಾಡಿ ಇರುವ ಕಡೆಗೇ ಮದ್ದು ಹಾಕಬೇಕು. ವರಮಹಾಲಕ್ಷ್ಮಿಯ ದಿನ ಮರೆಯಬೇಡ. ಮೆತ್ತಗೆ ಕುಟ್ಟಿ ಮೂರು ಚೂರು ಮಾಡಬೇಡ, ಅಪಶಕುನ. ಗಟ್ಟಿಯಾಗಿ ಹೊಡಿ.

ಮನೆಯವರಿಗೆ ಅಕ್ಕಿಕಾಳಿನ ವಿಷಯ ಹೇಳಿಲ್ಲ. ಆ ಪುಟ ಮುಚ್ಚಿಟ್ಟುಕೊಂಡೆ.

ಕೌಸಲ್ಯಾ


ಟೋವಾ ಪಾಯೋ
12 ಆಗಸ್ಟ್ 2014

ಕೌಸಲ್ಯಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲದಿದ್ದರೆ ಕ್ಷಮಿಸು.

ವರಮಹಾಲಕ್ಷ್ಮಿಗೆ ಎರಡು ಕಾಯಿ ಒಡೆದೆ, ನೀನು ಹೇಳಿದಂತೆಯೇ ಗಟ್ಟಿಯಾಗಿ. ಎರಡೂ ಚೆನ್ನಾಗಿ ಒಡೆದವು. ದೇವಿ ಹೂವು ಕೊಟ್ಟ ಹಾಗೆ ಆಯಿತು ಅಂದುಕೊಂಡು ಮನೆಗೆ ಬಂದೆ. ಸೋಮವಾರ ಅಳತೆ ತೆಗೆದರೆ ಏಳನೇ ಕಂಬ ಬೆರಳು ದಪ್ಪದಷ್ಟು ಇಳಿದಿದೆ. ಸುರಂಗದ ಯಂತ್ರ ನಿಲ್ಲಿಸಿದ್ದಾರೆ. ಕಟ್ಟಡದ ಆ ಮೂಲೆಯ ಮನೆಗಳನ್ನು ಮೇಲಿಂದ ಕೆಳಗಿನವರೆಗೂ ಖಾಲಿ ಮಾಡಿಸಿದ್ದಾರೆ.

ನಾನು ಭಜನೆಯ ಸಾಮಾನು ತರಲು ಹೋಗಿದ್ದೆ. ಒಬ್ಬಳು ಚೀನೀ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಫುಟ್‌ಪಾತಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಅನ್ನದ ಕುಕ್ಕರು, ಅದರ ಮೇಲೆ ಅವಳ ಮನೆದೇವರ ಸಣ್ಣ ವಿಗ್ರಹ. ನನ್ನ ಚೀಲದಲ್ಲಿ ಪ್ರಸಾದದ ಕಾಯಿ ಇತ್ತು, ಒಂದು ಹೋಳು ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡಳು.

ಪ್ರತಾಪನ ಮುಖ ನೋಡಲಾಗುವುದಿಲ್ಲ. ಎರಡು ದಿನದಿಂದ ಅಲ್ಲೇ ಇದ್ದಾನೆ. ಚಿತ್ರಾನ್ನ ಕಟ್ಟಿಕೊಂಡು ಹೋದೆ, ಡಬ್ಬಿ ಹಿಡಿದುಕೊಂಡೇ ಯಾರದೋ ಜೊತೆ ಮಾತಾಡುತ್ತಿದ್ದ. ಕೆಂಪಮ್ಮ ಇದ್ದಾಳೆ. ಇಷ್ಟು ಸೇವೆ ಮಾಡಿದ್ದೇವೆ, ಕೈ ಬಿಡುತ್ತಾಳೆಯೇ.

ಸರೋಜಾ


ಟೋವಾ ಪಾಯೋ
27 ಆಗಸ್ಟ್ 2014

ಕೌಸಲ್ಯಾ,

ಇಲ್ಲಿ ಎಲ್ಲ ಕ್ಷೇಮ. ಕಟ್ಟಡಕ್ಕೆ ಏನೂ ಆಗಿಲ್ಲವಂತೆ. ಜನ ವಾಪಸ್ ಬಂದಿದ್ದಾರೆ. ಇಳಿದದ್ದು ಕಂಬ ಅಲ್ಲ, ಮೊಳೆ. ಭಾನುವಾರ ಪ್ರತಾಪನೇ ಹೇಳಿದ. ‘ಎಲ್ಲಾ ಕಂಬ ಒಂದೇ ತೆಪ್ಪದ ಮೇಲೆ ಕೂತಿರೋವಾಗ ಒಂದೇ ಒಂದು ಹೇಗೆ ಇಳಿಯುತ್ತೆ ಆಂಟಿ? ಇಳಿದ್ರೆ ಪಕ್ಕದ್ದನ್ನೂ ಎಳ್ಕೊಂಡು ಇಳಿಬೇಕು. ಪಕ್ಕದ್ದೆಲ್ಲಾ ಇದ್ದ ಹಾಗೇ ಇದೆ.’ ಯಾರೋ ಮೊಳೆಗೆ ಬಡಿದಿರಬೇಕು, ಸುತ್ತಲಿನ ಗಾರೆ ಬಿಟ್ಟಿದೆ ಅನ್ನುತ್ತಾರೆ. ಸಾಮಾನಿನ ಗಾಡಿ ತಗುಲಿರಬಹುದು ಎಂದು ಕೆಲವರು.

ಪ್ರತಾಪನಿಗೆ ಆಫೀಸಿನಲ್ಲಿ ಸ್ವಲ್ಪ ತೊಂದರೆ ಇದೆ. ಪ್ರತಿ ವಾರ ಆ ಮೊಳೆಯನ್ನು ಕಣ್ಣಾರೆ ನೋಡಿ ಸರಿಯಾಗಿದೆ ಎಂದು ಸಹಿ ಹಾಕುವುದು ಅವನ ಕೆಲಸವಂತೆ. ನೋಡದೆಯೇ ಹಾಕಿದ್ದಾನೆ ಅನ್ನುತ್ತಿದ್ದಾರೆ. ಸರಿ ಹೋಗುತ್ತದೆ.

ಕಾಯಿ ಒಡೆಯುವುದನ್ನು ನಿಲ್ಲಿಸಿದ್ದೇನೆ. ಭುಜ ನೋವು.

ನಿಂಬೆಕಾಯಿ ಉಪ್ಪಿನಕಾಯಿ ಹಾಕಿದ್ದೇನೆ. ಇಲ್ಲಿನ ನಿಂಬೆ ಸಣ್ಣದು, ರಸ ಜಾಸ್ತಿ.

ಸರೋಜಾ


ಮೈಸೂರು
8 ಸೆಪ್ಟೆಂಬರ್ 2014

ಸರೋಜಾ,

ಉಪ್ಪಿನಕಾಯಿಯ ವಿಷಯ ಬರೆಯಲು ನೀನು ಕಾಗದ ಬರೆಯುವವಳಲ್ಲ. ನನ್ನ ಕಿವಿ ಹೋಗಿದೆ, ಬುದ್ಧಿ ಹೋಗಿಲ್ಲ.

ಮನೆಯವರ ಫೋನಿನಿಂದ ಪ್ರತಾಪನಿಗೆ ಕಟುವಾಗಿಯೇ ಬರೆದಿದ್ದೆ. ಪೆಂಡಾಲಿನ ಕಾವಲು ನೆನಪಿಸಿ, ‘ನೋಡದೆ ಸಹಿ ಹಾಕುವವನನ್ನು ನಾನು ಹೆತ್ತಿಲ್ಲ’ ಎಂದಿದ್ದೆ. ಅವನ ಉತ್ತರ ಬಂದಿದೆ, ಎರಡೇ ಸಾಲು. ‘ಅಮ್ಮ, ನಾನು ಪ್ರತಿ ವಾರ ನೋಡಿದ್ದೇನೆ. ಬಡಿದವರು ಯಾರು ಎಂದೂ ಗೊತ್ತು. ಹೆಸರು ಹೇಳಲಾರೆ, ಕೇಳಬೇಡ.’

ನಾನು ತಾಯಿ, ಈ ಎರಡು ಸಾಲಿನ ನಡುವೆ ಏನಿದೆ ಎಂದು ನನಗೆ ತಿಳಿಯದೇ? ಗಂಡುಹುಡುಗ ಯಾರ ಹೆಸರನ್ನು ಹೇಳುವುದಿಲ್ಲ? ಹುಡುಗಿಯ ಹೆಸರನ್ನು. ಅವನು ಭಾನುವಾರ ಬರುವುದು ನಿಮ್ಮ ಮನೆಗೆ. ವರ್ಷಾ ಶುಕ್ರವಾರ ಆ ಹಾಲಿಗೆ ನಿನ್ನನ್ನು ಕರೆದುಕೊಂಡು ಹೋಗಲು ಬರುತ್ತಾಳೆ ಎಂದು ನೀನೇ ಯಾವತ್ತೋ ಬರೆದಿದ್ದೆ. ಅವಳೇನಾದರೂ ಸಾಮಾನು ಎಳೆಯುವಾಗ ತಗುಲಿಸಿದಳೇ? ನಿನಗೆ ಗೊತ್ತಿದ್ದೂ ಮಗಳು ಎಂದು ಮುಚ್ಚುತ್ತಿದ್ದೀಯೇ? ವರ್ಷಾ ನಮ್ಮ ಮನೆಗೆ ಬಂದರೆ ನನಗೆ ಸಂತೋಷವೇ. ಆದರೆ ಅವಳ ತಪ್ಪನ್ನು ನನ್ನ ಮಗ ಹೊರುವುದು ಬೇಡ.

ನಿಜ ಬರಿ. ನಮ್ಮಿಬ್ಬರ ಮಧ್ಯೆ ಇಷ್ಟು ವರ್ಷದಲ್ಲಿ ಸುಳ್ಳು ಇರಲಿಲ್ಲ.

ಕೌಸಲ್ಯಾ


ಟೋವಾ ಪಾಯೋ
22 ಸೆಪ್ಟೆಂಬರ್ 2014

ಕೌಸಲ್ಯಾ,

ವರ್ಷಾ ಅಲ್ಲ. ನಾನು.

ಆ ಮೊಳೆಗೆ ಬಡಿದದ್ದು ಗಾಡಿಯಲ್ಲ, ನನ್ನ ತೆಂಗಿನಕಾಯಿ. ಕಂಬ ಅಲ್ಲ, ಮೊಳೆ ಇಳಿದದ್ದು ಎಂದು ಪ್ರತಾಪ ನನ್ನ ಮನೆಯ ಊಟದ ಮಣೆಯ ಮೇಲೆ ಕೂತು ಹೇಳಿದಾಗಲೇ ನನಗೆ ತಿಳಿಯಿತು. ಸೌಟು ಕೈಯಲ್ಲೇ ಇತ್ತು. ಅವನು ನನ್ನ ಮುಖ ನೋಡಲಿಲ್ಲ, ‘ಸಾರು ಹಾಕಿ ಆಂಟಿ’ ಅಂದ. ಹಾಕಿದೆ. ಆವತ್ತು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಬದಲಿಗೆ ಒಳಗೆ ಹೋಗಿ ದೇವರ ಮುಂದೆ ಕೂತು, ನೀನೇ ಸರಿ ಮಾಡು ತಾಯಿ ಎಂದೆ. ನಾನು ಮಾಡಬೇಕಾದ್ದನ್ನು ಅವಳ ತಲೆಗೆ ಕಟ್ಟಿದೆ. ಆಮೇಲೆ ನಿನಗೆ ಭುಜ ನೋವು ಎಂದು ಬರೆದೆ.

ಪೂಜೆ ಮಾಡಿದ್ದು ತಪ್ಪು ಎಂದು ಹೇಳಲು ನಾಲಿಗೆ ಏಳಲಿಲ್ಲ ಕೌಸಲ್ಯಾ. ಬೇರೆ ಯಾವ ತಪ್ಪಾಗಿದ್ದರೂ ಒಪ್ಪಿಕೊಳ್ಳುತ್ತಿದ್ದೆ. ಇದು ಕೈಮುಗಿದುಕೊಂಡು ಮಾಡಿದ್ದು.

ನಿನ್ನ ಕಾಗದ ಬಂದ ಮೇಲೆ ಗೊತ್ತಾಯಿತು, ಹುಡುಗ ಎಲ್ಲ ತಿಳಿದೇ ಸುಮ್ಮನಿದ್ದಾನೆ ಎಂದು. ನಮ್ಮವರಿಗೆ ಹೇಳಿದೆ. ‘ಈಗ್ಯಾಕೆ ಬಾಯಿ ಬಿಡ್ತೀಯ, ಒಂದು ವಾರ್ನಿಂಗ್ ಕೊಟ್ಟು ಬೇರೆ ಸೈಟಿಗೆ ಹಾಕ್ತಾರೆ, ಮುಗೀತು’ ಅಂದರು. ವರ್ಷಾ ಕೂಡ, ಇಲ್ಲಿನವರ ಧಾಟಿಯಲ್ಲೇ, ‘ಅಮ್ಮಾ, ಡೋಂಟ್ ಲಾ, ಮೊದ್ಲು ಪ್ರತಾಪ್‌ನ ಕೇಳೋಣ’ ಅಂದಳು. ನಾನು ಕೇಳಲಿಲ್ಲ. ಇಷ್ಟು ದಿನ ಸುಮ್ಮನಿದ್ದವಳಿಗೆ ಒಮ್ಮೆಲೇ ಧೈರ್ಯ ಬಂದುಬಿಟ್ಟಿತ್ತು. ಅವಳನ್ನು ಎಳೆದುಕೊಂಡು ಉಬಿಯಲ್ಲಿರುವ ಅವನ ಆಫೀಸಿಗೆ ಹೋದೆ. ಚೀಲದಲ್ಲಿ ಒಂದು ಕಾಯಿ ಇಟ್ಟುಕೊಂಡಿದ್ದೆ.

ಅಲ್ಲಿ ಓಂಗ್ ಎಂಬ ಹೆಂಗಸು ಮೇಲಿನವಳು. ನನ್ನ ವಯಸ್ಸೇ ಇರಬೇಕು. ವರ್ಷಾ ಇಂಗ್ಲಿಷಿನಲ್ಲಿ ಹೇಳಿದಳು. ಅವಳು ನಂಬಲಿಲ್ಲ. ‘ಕೋಕೋನಟ್?’ ಎಂದು ಎರಡು ಸಲ ಕೇಳಿದಳು. ಬಾಗಿಲಾಚೆ ಕಲ್ಲಿನ ಮೆಟ್ಟಿಲಿತ್ತು. ಹೋಗಿ ಒಡೆದು ತೋರಿಸಿದೆ. ಒಂದೇ ಪೆಟ್ಟು. ಒಳಗೆ ಕಂಪ್ಯೂಟರಿನ ಮುಂದೆ ಕೂತವರೆಲ್ಲ ಎದ್ದು ನಿಂತರು. ನೆಲ ಒದ್ದೆಯಾಯಿತೆಂದು ನಾನು ಸೆರಗಿನಲ್ಲಿ ಒರೆಸಲು ಹೋದೆ, ಓಂಗ್ ನನ್ನ ಕೈ ಹಿಡಿದು ಎಬ್ಬಿಸಿದಳು. ‘ಥ್ಯಾಂಕ್ಯೂ ಆಂಟಿ’ ಅಂದಳು. ಮುಗಿಯಿತು, ಹುಡುಗ ಉಳಿದ ಅಂದುಕೊಂಡೆ.

ಆಮೇಲೆ ಅವಳು ಪ್ರತಾಪನನ್ನು ಕರೆಸಿದಳು. ಒಂದೇ ಪ್ರಶ್ನೆ. ನಿನಗೆ ಗೊತ್ತಿತ್ತೇ?

ಇಲ್ಲ ಎನ್ನಬಹುದಿತ್ತು. ಅವನು ನನ್ನ ಕಡೆ ನೋಡಿ, ಗೊತ್ತಿತ್ತು ಅಂದ. ಕುಂಕುಮ ನೋಡಿ ಒರೆಸಿದ್ದೆ, ಬರೆಯಲಿಲ್ಲ. ಮೊಳೆಯ ಸಂದಿಯಲ್ಲಿ ತೆಂಗಿನ ನಾರು ಸಿಕ್ಕಿತ್ತು, ಯಾರಿಗೂ ತೋರಿಸದೆ ಕಿತ್ತು ಬಿಸಾಕಿದೆ, ಅಂದ. ವರ್ಷಾ ನನಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಕೊನೆಗೆ ಓಂಗ್ ಹೇಳಿದ್ದನ್ನೂ ತಡೆತಡೆದು ಹೇಳಿದಳು. ನೋಡದೆ ಸಹಿ ಹಾಕಿದ್ದರೆ ಅದು ಸೋಮಾರಿತನ, ಅದಕ್ಕೆ ವಾರ್ನಿಂಗ್ ಸಾಕಿತ್ತು. ನೋಡಿ ಮುಚ್ಚಿಟ್ಟರೆ ಅದು ಸುಳ್ಳು. ಆ ಅಳತೆಯನ್ನು ನಂಬಿ ಕಟ್ಟಡದಲ್ಲಿ ಜನ ಮಲಗುತ್ತಾರೆ. ಹಾಗೆ ಮಾಡಿದವನನ್ನು ಇಟ್ಟುಕೊಳ್ಳಲಾಗುವುದಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ನಾನು ಹೋಗದಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಆ ಭಾನುವಾರ ತಿಳಿದ ಕೂಡಲೇ, ಅವನು ಬಾಯಿ ಮುಚ್ಚಿಕೊಳ್ಳುವ ಮೊದಲೇ ಹೋಗಿದ್ದರೂ ಉಳಿಯುತ್ತಿತ್ತು. ಹೋಗಬಾರದ ಹೊತ್ತಿಗೆ ಹೋದೆ.

ಹೊರಗೆ ಬಂದ ಮೇಲೆ ಅವನ ಕಾಲಿಗೆ ಬೀಳಲು ಬಗ್ಗಿದೆ. ಹಿಂದೆ ಸರಿದ. ‘ಏನ್ ಆಂಟಿ ಇದು, ಬಸ್ ಸ್ಟಾಪಲ್ಲಿ’ ಅಂದ. ಆಮೇಲೆ ಮೆಟ್ಟಿಲ ಮೇಲೆ ಬಿದ್ದಿದ್ದ ಕಾಯಿಯ ಎರಡು ಹೋಳನ್ನು ಎತ್ತಿಕೊಂಡು ಬಂದು ನನ್ನ ಚೀಲಕ್ಕೆ ಹಾಕಿದ. ‘ಪ್ರಸಾದ ಬಿಟ್ಟು ಹೋಗ್ಬಾರ್ದು.’

ಕೆಲಸ ಹೋದ ಮೇಲೆ ಇಲ್ಲಿರುವ ಪಾಸೂ ರದ್ದಾಗುತ್ತದೆ. ಮುಂದಿನ ತಿಂಗಳ ಮೊದಲ ವಾರ ಹೊರಡುತ್ತಾನೆ. ನೀನು ಬರೆದೆಯಲ್ಲ, ನೋಡದೆ ಸಹಿ ಹಾಕುವವನನ್ನು ಹೆತ್ತಿಲ್ಲ ಎಂದು. ಹೆತ್ತಿಲ್ಲ. ಅದನ್ನು ಅವನಿಗೆ ಬರಿ.

ಕ್ಷಮಿಸು ಎಂದು ಬರೆಯುವುದಿಲ್ಲ. ಅದನ್ನು ಬರೆದರೆ ನಿನಗೆ ಇನ್ನೊಂದು ಕೆಲಸ ಹೊರಿಸಿದಂತೆ.

ಸರೋಜಾ


ಮೈಸೂರು
14 ಅಕ್ಟೋಬರ್ 2014

ಸರೋಜಾ,

ಪ್ರತಾಪ ಬಂದಿದ್ದಾನೆ. ನಿನ್ನ ಉಪ್ಪಿನಕಾಯಿ ಒಡೆಯದೆ ತಲುಪಿತು.

ಸಿಟ್ಟಿದೆ ನಿನ್ನ ಮೇಲೆ. ಇಲ್ಲ ಎಂದರೆ ಅದು ಇನ್ನೊಂದು ಸುಳ್ಳು. ಮನೆಯವರು, ‘ಆ ಮೊಳೆಗೆ ಒಂದು ಬಾಕ್ಸ್ ಹಾಕಕ್ಕೆ ಆ ದೊಡ್ಡ ಕಂಪನಿಗೆ ಗೊತ್ತಾಗ್ಲಿಲ್ವಾ’ ಅಂದರು. ಅಷ್ಟೇ.

ಆದರೆ ಒಂದು ಮಾತು ನನ್ನನ್ನು ತಿನ್ನುತ್ತಿದೆ. ಪ್ರತಾಪನನ್ನು ಕೂರಿಸಿ, ನನ್ನ ಕಡೆ ಮುಖ ಮಾಡಿ ನಿಧಾನವಾಗಿ ಹೇಳು ಎಂದು ಆಫೀಸಿನಲ್ಲಿ ನಡೆದದ್ದನ್ನೆಲ್ಲ ಕೇಳಿದೆ. ಕಾಯಿ ಯಾಕೆ ಒಡೆದೆ ಎಂದು ಆ ಹೆಂಗಸು ನಿನ್ನನ್ನು ಕೇಳಿದಳಂತೆ. ‘ನನ್ನ ಹರಕೆ’ ಅಂದೆಯಂತೆ. ಯಾರು ಹೇಳಿದರು ಎಂದೂ ಕೇಳಿದಳಂತೆ. ‘ಯಾರೂ ಇಲ್ಲ’ ಅಂದೆಯಂತೆ. ಅವನಿಗೂ ಇವತ್ತಿನವರೆಗೆ ಗೊತ್ತಿರಲಿಲ್ಲ.

ಶುಕ್ರವಾರಕ್ಕೊಂದು ಒಡಿ ಅಂದವಳು ನಾನು. ಎರಡು ಒಡಿ, ಅದೇ ಮೊಳೆಯ ಮೇಲೆ, ಗಟ್ಟಿಯಾಗಿ ಹೊಡಿ ಅಂದವಳೂ ನಾನು. ಆ ಕಾಗದ ನಿನ್ನ ಹತ್ತಿರ ಇದೆ. ನನಗೆ ಬರೆದ ಕಾಗದದಲ್ಲಿಯೂ ನೀನು ಅದನ್ನು ಎತ್ತಲಿಲ್ಲ. ಒಂದು ಸಾಲು ಬೈದಿದ್ದರೂ ನನಗೆ ಹಗುರವಾಗುತ್ತಿತ್ತು. ಯಾಕೆ ಎತ್ತಲಿಲ್ಲ?

ಅವನಿಗೆ ನಾನೇ ಹೇಳಿದೆ. ಕೇಳಿ ನಕ್ಕ. ‘ಎರಡ್ ದೇಶದಿಂದ ಸೇರಿ ಒಂದ್ ಮೊಳೆ ಇಳಿಸಿದ್ರಿ ಅಲ್ವಾ’ ಅಂದ. ನಗುವಾಗ ಅವನ ಕಣ್ಣು ನನಗೆ ಕಾಣಿಸಿತು. ನಗು ಕೇಳಿಸದವಳಿಗೆ ಕಣ್ಣೇ ಕಾಣುವುದು.

ಹೋದ ಶುಕ್ರವಾರ ದೇವರ ಮುಂದೆ ಕಾಯಿ ಹಿಡಿದು ಕೂತೆ. ಒಡೆಯಲು ಆಗಲಿಲ್ಲ. ಇಡೀ ಕಾಯಿಯನ್ನೇ ಇಟ್ಟು ಎದ್ದೆ.

ಕೌಸಲ್ಯಾ


ಟೋವಾ ಪಾಯೋ
27 ಅಕ್ಟೋಬರ್ 2014

ಕೌಸಲ್ಯಾ,

ದೀಪಾವಳಿ ಮುಗಿಯಿತು. ಹಾಲ್‌ನ ಬಾಗಿಲು ನಮಗೆ ಮತ್ತೆ ತೆರೆದರು. ನಮ್ಮ ಹೆಂಗಸರಿಗೆ ಸುದ್ದಿ ಗೊತ್ತು, ನಾನೇ ಹೇಳಿದೆ. ಒಬ್ಬರಿಬ್ಬರು ಬರುವುದು ಬಿಟ್ಟಿದ್ದಾರೆ. ಏಳನೇ ಕಂಬಕ್ಕೆ ಹೊಸ ಮೊಳೆ ಬಂದಿದೆ, ಅದರ ಮೇಲೊಂದು ತಗಡಿನ ಪೆಟ್ಟಿಗೆ, ಬೀಗ. ನಿಮ್ಮ ಮನೆಯವರಿಗೆ ಹೇಳು.

ಲಿಮ್ ಅಂಕಲ್ ಎಲ್ಲಿಂದಲೋ ಒಂದು ಕಲ್ಲಿನ ತುಂಡು ತಂದು ಹಿಂದಿನ ಬಾಗಿಲ ಹತ್ತಿರ ಇಟ್ಟಿದ್ದಾನೆ. ‘ಆಂಟಿ, ದಿಸ್ ಒನ್ ಕ್ಯಾನ್’ ಅಂದ, ಇದರ ಮೇಲೆ ಒಡೆಯಬಹುದು ಅಂತ. ಅವನ ಮುಖ ನೋಡಿ ಕಾಯಿ ತೆಗೆದುಕೊಂಡೆ. ಎತ್ತಿದ ಕೈ ಇಳಿಯಲೇ ಇಲ್ಲ. ವರ್ಷಾ ನನ್ನ ಕೈಯಿಂದ ತೆಗೆದುಕೊಂಡು ಒಡೆದಳು. ಮೊದಲ ಪೆಟ್ಟಿಗೆ ಒಡೆಯಲಿಲ್ಲ, ಆಮೇಲೆ ಮೂರು ಚೂರಾಯಿತು. ಯಾರೂ ಅಪಶಕುನ ಅನ್ನಲಿಲ್ಲ. ಹನ್ನೊಂದನೇ ಮಹಡಿಯ ಆ ಚೀನೀ ಅಜ್ಜಿ ಈಗ ಶುಕ್ರವಾರ ಕೆಳಗೆ ಬಂದು ಹಾಲ್‌ನ ಬಾಗಿಲಲ್ಲಿ ನಿಲ್ಲುತ್ತಾಳೆ. ಅವಳಿಗೆ ಒಂದು ಚೂರು ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡಳು. ತನ್ನನ್ನು ಬೀದಿಗೆ ಇಳಿಸಿದ ಕೈ ಇದೇ ಎಂದು ವರ್ಷಾಳ ಕೈಲಿ ಹೇಳಿಸಿದೆ. ಅಜ್ಜಿಗೆ ಇಂಗ್ಲಿಷ್ ಬಾರದು, ವರ್ಷಾಳಿಗೆ ಅವಳ ಮಾತು ಬಾರದು. ತಲೆಯಾಡಿಸಿ ಹೋದಳು. ಅವಳಿಗೆ ನಾನು ಹೇಳಿದ್ದು ತಲುಪಿಲ್ಲ. ಲಿಮ್ ಅಂಕಲ್ ಇರುವಾಗ ಇನ್ನೊಮ್ಮೆ ಹೇಳಬೇಕು.

ಯಾಕೆ ನಿನ್ನ ಹೆಸರು ಎತ್ತಲಿಲ್ಲ ಎಂದು ಕೇಳಿದ್ದೀಯ. ತಪ್ಪನ್ನು ನಾನೊಬ್ಬಳೇ ಹೊತ್ತು ಇಳಿದುಬಿಟ್ಟರೆ ನೀನಾದರೂ ಮೇಲೆ ಉಳಿಯುತ್ತೀಯ ಅಂದುಕೊಂಡೆ. ಹಾಗೆ ಆಗುವುದಿಲ್ಲ, ಒಂದೇ ತೆಪ್ಪದ ಮೇಲೆ ಒಂದೇ ಕಂಬ ಇಳಿಯಲಾರದು ಎಂದು ನಿನ್ನ ಮಗ ನನ್ನ ಮನೆಯಲ್ಲೇ, ನನ್ನ ಅಡುಗೆ ಉಣ್ಣುತ್ತಲೇ ಹೇಳಿದ್ದ. ಕೇಳಿಸಿಕೊಂಡಿದ್ದೆ.

ನಿನ್ನ ಆ ಕಾಗದವನ್ನು ಇಷ್ಟು ದಿನ ಬೇರೆ ಇಟ್ಟಿದ್ದೆ, ಯಾರ ಕೈಗೂ ಸಿಗದಿರಲಿ ಎಂದು. ಇವತ್ತು ಉಳಿದವುಗಳ ಜೊತೆ ಸೇರಿಸಿ ಕಟ್ಟಿದೆ.

ಪ್ರತಾಪನಿಗೆ ಅಲ್ಲಿ ಕೆಲಸ ಸಿಕ್ಕಿತೇ? ಭಾನುವಾರ ಈಗಲೂ ಒಂದು ಮುದ್ದೆ ಹೆಚ್ಚಿಗೆ ಕಟ್ಟುತ್ತೇನೆ. ನಮ್ಮವರು ಅದನ್ನೂ ಉಣ್ಣುತ್ತಾರೆ.

ಸರೋಜಾ